ಎರಡನೇ ಮಾಲೀಕನ ಟರ್ಬೊ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ಮನೆಗಳ ಅಂಗಳದಲ್ಲಿ ಎರಡು ಗಾಡಿ ಅಕ್ಕಪಕ್ಕ ನಿಂತಿರುವುದು ಈಗ ಅಪರೂಪವಲ್ಲ. ಒಂದು ಬೊಲೆರೊ. ಗೊಬ್ಬರ ತರಲು, ಕೊನೆ ತೆಗೆಯುವವರನ್ನು ಕರೆತರಲು, ಬೇಯಿಸಿ ಒಣಗಿಸಿದ ಅಡಿಕೆಯನ್ನು ಮಾರಾಟ ಸಹಕಾರ ಸಂಘವಾದ ಮಾಮ್ಕೋಸಿಗೆ ಮುಟ್ಟಿಸಲು. ಇನ್ನೊಂದು ಹತ್ತು ವರ್ಷ ಹಳೆಯ ಬಿಎಂಡಬ್ಲ್ಯು 320ಡಿ, ಇಲ್ಲವೇ ಆಡಿ ಎ4, ಇಲ್ಲವೇ ಬೆಂಜ್ ಸಿ ಕ್ಲಾಸ್. ಅದು ಮದುವೆಮನೆಗೆ, ಮಠಕ್ಕೆ, ಶಿವಮೊಗ್ಗದ ಕೆಲಸಕ್ಕೆ. ಎರಡಕ್ಕೂ ಕೊಟ್ಟ ದುಡ್ಡು ಹೆಚ್ಚುಕಡಿಮೆ ಒಂದೇ. ಮೊದಲನೆಯದನ್ನು ಹೊಸದಾಗಿ ತಂದದ್ದು, ಎರಡನೆಯದನ್ನು ಇನ್ಯಾರೋ ಮೂವತ್ತೈದು ಲಕ್ಷದ ಆಸುಪಾಸಿಗೆ ಕೊಂಡು, ಓಡಿಸಿ, ಕೈಬಿಟ್ಟ ಮೇಲೆ ತಂದದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಬೊಲೆರೊ ಎಂದಿನಂತೆ ಗುಡುಗುಟ್ಟುತ್ತಿರುತ್ತದೆ. ಸೆಡಾನಿನ ಬಾನೆಟ್ ತೆರೆದಿರುತ್ತದೆ. ಮೆಕ್ಯಾನಿಕ್ ತಲೆ ಎತ್ತಿ, ‘ಗೌಡ್ರೆ, ಟರ್ಬೊ ಹೋಗಿದೆ’ ಅನ್ನುತ್ತಾನೆ.

ಆ ಮಾತು ಅರ್ಧ ಮಾತ್ರ ನಿಜ. ಟರ್ಬೊ ಹೋಗಿರಬಹುದು, ಆದರೆ ಅದು ತಾನಾಗಿ ಹೋಗುವುದು ಕಡಿಮೆ. ಪಕ್ಕದ ಬೊಲೆರೊದಲ್ಲೂ ಟರ್ಬೊ ಇದೆ. ಮರಳು ಹೊರುವ ಟಿಪ್ಪರಿನಲ್ಲಿ, ಸಾರಿಗೆ ಬಸ್ಸಿನಲ್ಲಿ, ಬಿಡದಿಯ ಕಾರ್ಖಾನೆಯಿಂದ ಹೊರಬಂದ ಡೀಸೆಲ್ ಇನ್ನೋವಾದಲ್ಲಿ, ಎಲ್ಲದರಲ್ಲೂ ಇದೆ. ಇವತ್ತು ಮಲೆನಾಡಿನಲ್ಲಿ ಟರ್ಬೊ ಇಲ್ಲದ ಡೀಸೆಲ್ ಗಾಡಿಯನ್ನು ಹುಡುಕಿ ತೆಗೆಯಬೇಕು. ಹಾಗಿದ್ದರೆ ಒಂದೇ ಮಳೆಯಲ್ಲಿ, ಒಂದೇ ಘಾಟಿಯಲ್ಲಿ, ಒಂದೇ ಪಂಪಿನ ಡೀಸೆಲ್ ಕುಡಿದು ಒಂದು ಏಕೆ ಬದುಕುತ್ತದೆ, ಇನ್ನೊಂದು ಏಕೆ ಮಲಗುತ್ತದೆ?

ಮೊದಲ ಉತ್ತರ ಅಂಕಿಯಲ್ಲೇ ಇದೆ. ಬೊಲೆರೊದ 1.5 ಲೀಟರ್ ಎಂಜಿನ್ ಕೊಡುವುದು ಸುಮಾರು 75 ಅಶ್ವಶಕ್ತಿ, ಅಂದರೆ ಲೀಟರಿಗೆ 50. 320ಡಿಯ 2 ಲೀಟರ್ ಎಂಜಿನ್ ಕೊಡುವುದು 184, ಲೀಟರಿಗೆ 92. ಅಷ್ಟೇ ಜಾಗದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಬೆಂಕಿ. ಹಂಡೆ ಒಲೆಗೆ ಊದುಕೊಳವೆ ಹಿಡಿದವರಿಗೆ ಇದರ ಗುಟ್ಟು ಗೊತ್ತು: ಸೌದೆ ಎಷ್ಟಾದರೂ ತುರುಕಬಹುದು, ಗಾಳಿ ಸಾಲದಿದ್ದರೆ ಬರುವುದು ಹೊಗೆ ಮಾತ್ರ. ಎಂಜಿನ್‌ಗೂ ಇಂಧನ ಸುರಿಯುವುದು ಕಷ್ಟವಲ್ಲ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು, ಆ ಗಾಳಿಯನ್ನು ಒಳಗೆ ತುಂಬುವುದೇ ಕಷ್ಟ. ಪಿಸ್ಟನ್ ತಾನಾಗಿ ಎಳೆದುಕೊಳ್ಳುವುದು ಸಿಲಿಂಡರಿನ ಗಾತ್ರದಷ್ಟು ಮಾತ್ರ. ಮಿಕ್ಕದ್ದನ್ನು ಯಾರಾದರೂ ಒತ್ತಿ ತುಂಬಬೇಕು.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಖಿ ಅದಕ್ಕೊಂದು ದಾರಿ ಹುಡುಕಿ 1905ರಲ್ಲಿ ಪೇಟೆಂಟ್ ಪಡೆದ. ಎಂಜಿನ್ನಿನ ಹೊಗೆಯ ಜೊತೆ ಇಂಧನದ ಶಕ್ತಿಯ ಸುಮಾರು ಮೂರನೇ ಒಂದು ಭಾಗ ಸೈಲೆನ್ಸರಿನಿಂದ ಹೊರಗೆ ಹೋಗಿಬಿಡುತ್ತದೆ. ಆ ಬಿಸಿ ಹೊಗೆಯ ದಾರಿಯಲ್ಲಿ ಒಂದು ಚಕ್ರ ಇಟ್ಟು, ಅದೇ ಶಾಫ್ಟಿನ ಇನ್ನೊಂದು ತುದಿಗೆ ಗಾಳಿ ಒತ್ತುವ ಚಕ್ರ ಕೂರಿಸಿದರೆ ಮುಗಿಯಿತು. ಮೊದಲು ಇದರ ಉಪಯೋಗ ಕಂಡದ್ದು ಹಡಗಿಗೆ ಮತ್ತು ವಿಮಾನಕ್ಕೆ. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬಾತ ವಿಮಾನದ ಲಿಬರ್ಟಿ ಎಂಜಿನ್ನೊಂದನ್ನು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿ, ತೆಳುಗಾಳಿಯಲ್ಲಿ ಕಳೆದುಹೋಗುವ ಶಕ್ತಿಯನ್ನು ಟರ್ಬೊ ಮರಳಿ ತರುತ್ತದೆಂದು ತೋರಿಸಿದ. ಸಾಗರವೂ ತೀರ್ಥಹಳ್ಳಿಯೂ ಸಮುದ್ರಮಟ್ಟದಿಂದ ಆರುನೂರು ಮೀಟರಿನ ಆಸುಪಾಸಿನಲ್ಲಿವೆ. ಇಲ್ಲಿನ ಗಾಳಿ ಹೊನ್ನಾವರದ ಗಾಳಿಗಿಂತ ಸುಮಾರು ನೂರಕ್ಕೆ ಆರೇಳರಷ್ಟು ತೆಳು. ಟರ್ಬೊ ಇಲ್ಲದ ಹಳೆಯ ಅಂಬಾಸಿಡರಿಗೆ ಅಷ್ಟು ಪಿಕಪ್ ಕಡಿಮೆಯಾಗುತ್ತಿತ್ತು. ಟರ್ಬೊ ಇದ್ದರೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಆ ಕೊರತೆ ತುಂಬಲು ಅದು ಇನ್ನಷ್ಟು ಜೋರಾಗಿ ತಿರುಗುತ್ತದೆ.

ಜೋರು ಅಂದರೆ ಎಷ್ಟು ಜೋರು? ಕಾರಿನ ಟರ್ಬೊ ನಿಮಿಷಕ್ಕೆ ಒಂದೂವರೆ ಲಕ್ಷದಿಂದ ಎರಡು ಲಕ್ಷ ಸುತ್ತು ತಿರುಗುತ್ತದೆ, ಕೆಲವು ಅದನ್ನೂ ದಾಟುತ್ತವೆ. 5 ಸೆಂಟಿಮೀಟರ್ ಅಡ್ಡಳತೆಯ ಚಕ್ರವೊಂದು 1,80,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 470 ಮೀಟರ್ ಸಾಗುತ್ತದೆ. ಗಾಳಿಯಲ್ಲಿ ಶಬ್ದದ ವೇಗಕ್ಕಿಂತ ಹೆಚ್ಚು. ಒಂದು ತುದಿಯ ಚಕ್ರಕ್ಕೆ ತಾಗುವ ಹೊಗೆ ಡೀಸೆಲ್ಲಿನಲ್ಲಿ 700-800 ಡಿಗ್ರಿ, ಪೆಟ್ರೋಲಿನಲ್ಲಿ 950ರವರೆಗೆ. ಅದಕ್ಕೇ ಅದನ್ನು ನಿಕ್ಕಲ್ ಮಿಶ್ರಲೋಹದಿಂದ ಎರಕ ಹೊಯ್ಯುತ್ತಾರೆ. ಒಂದು ಗೇಣಿಗಿಂತ ಕಮ್ಮಿ ದೂರದಲ್ಲಿರುವ ಇನ್ನೊಂದು ತುದಿಯ ಅಲ್ಯುಮಿನಿಯಂ ಚಕ್ರ ಹೊರಗಿನ ತಣ್ಣನೆ ಗಾಳಿ ಎಳೆಯುತ್ತಿರುತ್ತದೆ. ಇವೆರಡರ ನಡುವಿನ ಶಾಫ್ಟನ್ನು ಹಿಡಿದು ನಿಲ್ಲಿಸಿರುವುದು, ಸಾಮಾನ್ಯ ಕಾರಿನಲ್ಲಿ, ಗುಂಡು ಬೇರಿಂಗ್ ಕೂಡ ಅಲ್ಲ. ಕಂಚಿನ ಬಳೆಯೊಂದರ ಒಳಗೂ ಹೊರಗೂ ಹರಿಯುವ ಎಂಜಿನ್ ಆಯಿಲಿನ ಪದರ, ದಪ್ಪ ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗ. ಶಾಫ್ಟು ಲೋಹವನ್ನು ಮುಟ್ಟುವುದೇ ಇಲ್ಲ, ಎಣ್ಣೆಯ ಮೇಲೆ ತೇಲುತ್ತದೆ. ಆ ಪದರ ಒಂದೆರಡು ಸೆಕೆಂಡು ಕಡಿದುಹೋದರೂ ಬೇರಿಂಗ್ ಕೆಡಲು ಸಾಕು.

ಇಷ್ಟು ತಿಳಿದರೆ ಟರ್ಬೊಗೆ ಬೇಕಾದದ್ದು ಮೂರೇ ಎಂಬುದು ಸ್ಪಷ್ಟ: ಶುದ್ಧವಾದ ಎಣ್ಣೆ, ಶುದ್ಧವಾದ ಗಾಳಿ, ಮಸಿ ಕಟ್ಟದ ಹೊಗೆದಾರಿ. ಮೂರನ್ನೂ ಒದಗಿಸುವುದು ಎಂಜಿನ್ ಮತ್ತು ಅದರ ಯಜಮಾನ. ಇದು ಹೊಸ ಪಾಠವೇನಲ್ಲ. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ಮಾರಾಟಕ್ಕೆ ಬಂತು. ಎಂಜಿನ್ನಿನೊಳಗೆ ಇಂಧನ ತಾನಾಗಿ ಸಿಡಿಯದಿರಲೆಂದು ಅದಕ್ಕೆ ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನು ಬೇರೊಂದು ಟ್ಯಾಂಕಿಗೆ ಆಗಾಗ ತುಂಬಬೇಕಿತ್ತು. ಜನ ತುಂಬಲಿಲ್ಲ. ಟರ್ಬೊ ಚೆನ್ನಾಗಿಯೇ ಇತ್ತು, ಕಾರು ಮಾತ್ರ ಹೆಸರು ಕೆಡಿಸಿಕೊಂಡು ಎರಡೇ ವರ್ಷದಲ್ಲಿ ಕಣ್ಮರೆಯಾಯಿತು. ಐಷಾರಾಮಿ ಸೆಡಾನಿಗೆ ಡೀಸೆಲ್ ಟರ್ಬೊ ಹಾಕಿ ಗೆದ್ದದ್ದು 1978ರ ಬೆಂಜ್ 300ಎಸ್‌ಡಿ. ಅದರ ಮೂರು ಲೀಟರ್ ಎಂಜಿನ್ನಿನಿಂದ ಹಿಂಡಿದ್ದು ನೂರಹತ್ತು ಚಿಲ್ಲರೆ ಅಶ್ವಶಕ್ತಿ ಮಾತ್ರ. ಹಳೆಯ ಬೆಂಜುಗಳು ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತವೆ ಎಂಬ ಮಾತು ಹುಟ್ಟಿದ್ದು ಅಂಥ, ಒತ್ತಡವಿಲ್ಲದ ಎಂಜಿನ್ನುಗಳಿಂದ. ಅದೇ ನಂಬಿಕೆಯಲ್ಲಿ 2013ರ ಮಾಡೆಲ್ ಕೊಳ್ಳುವವರು ಇಂದಿಗೂ ಇದ್ದಾರೆ.

ಮೊದಲು ಎಣ್ಣೆಯ ಕಥೆ, ಏಕೆಂದರೆ ಬಹುಪಾಲು ಟರ್ಬೊಗಳು ಸಾಯುವುದು ಅಲ್ಲೇ.

ಉಡುಪಿ ಕಡೆಯಿಂದ ಬರುವ ಕಾರು ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವು, ಕೆಲವೇ ಕಿಲೋಮೀಟರಿನಲ್ಲಿ ಅರ್ಧ ಕಿಲೋಮೀಟರಿನಷ್ಟು ಏರು. ಪ್ರತಿ ತಿರುವಿನಲ್ಲೂ ನಿಧಾನ, ಮತ್ತೆ ಪೂರ್ತಿ ಒತ್ತು. ಟರ್ಬೊದ ಹೊಗೆ ಚಕ್ರ ಕೆಂಪಗೆ ಕಾಯಲು ಇದಕ್ಕಿಂತ ಒಳ್ಳೆಯ ರಸ್ತೆ ಬೇಡ. ಏರು ಮುಗಿಯುವಲ್ಲೇ ಸೂರ್ಯಾಸ್ತ ನೋಡುವ ಕಟ್ಟೆ. ಬಂದವರೆಲ್ಲ ಅಲ್ಲೇ ಗಾಡಿ ನಿಲ್ಲಿಸಿ, ತಕ್ಷಣ ಎಂಜಿನ್ ಆರಿಸಿ, ಮೊಬೈಲ್ ಹಿಡಿದು ಇಳಿಯುತ್ತಾರೆ. ಎಂಜಿನ್ ನಿಂತ ಕೂಡಲೇ ಆಯಿಲ್ ಪಂಪೂ ನಿಲ್ಲುತ್ತದೆ. ಆದರೆ ಕಾದ ಕಬ್ಬಿಣದ ಗೂಡು ಎಲ್ಲಿಗೆ ಹೋಗಬೇಕು? ಅದರ ಶಾಖ ಮಧ್ಯದ ಬೇರಿಂಗಿಗೆ ಇಳಿಯುತ್ತದೆ. ಎಂಜಿನ್ ಓಡುತ್ತಿದ್ದಾಗ ಇದ್ದದ್ದಕ್ಕಿಂತ ಆರಿಸಿದ ಮೇಲೆ ಬೇರಿಂಗ್ ಹೆಚ್ಚು ಬಿಸಿಯಾಗುವುದು ಇದರ ವಿಚಿತ್ರ. ಅಲ್ಲಿ ಉಳಿದ ಎಣ್ಣೆ 250-300 ಡಿಗ್ರಿ ದಾಟಿದಾಗ ಇಂಗಾಲವಾಗಿ ಕರಕಲಾಗುತ್ತದೆ. ಒಂದು ದಿನದಲ್ಲಿ ಏನೂ ಆಗುವುದಿಲ್ಲ. ಕರಕಲು ಪದರದ ಮೇಲೆ ಪದರವಾಗಿ ಕೂತು, ಎಣ್ಣೆ ಬರುವ ಸಣ್ಣ ಪೈಪು ಒಳಗಿನಿಂದ ಕಿರಿದಾಗುತ್ತ ಹೋಗುತ್ತದೆ. ಮೊದಲ ಮಾಲೀಕನ ಅಭ್ಯಾಸ ಎರಡನೆಯವನ ಎಂಜಿನ್ನಿನಲ್ಲಿ ಹೀಗೆ ಉಳಿದುಕೊಂಡಿರುತ್ತದೆ.

ಈಚಿನ ಪೆಟ್ರೋಲ್ ಟರ್ಬೊಗಳಲ್ಲಿ ಇದಕ್ಕೆ ಪರಿಹಾರವಿದೆ. ಬೇರಿಂಗಿನ ಸುತ್ತ ಕೂಲೆಂಟ್ ಹರಿಯುತ್ತದೆ, ಕೀ ತೆಗೆದ ಮೇಲೂ ಒಂದು ಸಣ್ಣ ವಿದ್ಯುತ್ ಪಂಪು ಅದನ್ನು ತಿರುಗಿಸುತ್ತಲೇ ಇರುತ್ತದೆ. ಆರಿಸಿದ ಕಾರಿನಿಂದ ಗುಂಯ್‌ಗುಡುವ ಸದ್ದು ಕೇಳಿ ಗಾಬರಿಯಾಗುವವರಿದ್ದಾರೆ, ಅದು ಕಾಯಿಲೆಯಲ್ಲ. ಆ ಪಂಪು ಕೆಟ್ಟು ಸದ್ದೇ ಬಾರದಾದಾಗ ಯಾರೂ ಗಾಬರಿಯಾಗುವುದಿಲ್ಲ. ಘಾಟಿ ಹತ್ತಿದ ಮೇಲೆ ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ಓಡಲಿ, ಅಥವಾ ಕೊನೆಯ ಎರಡು ಕಿಲೋಮೀಟರ್ ಮೆಲ್ಲಗೆ ಬನ್ನಿ. ಹಳೆಯ ಲಾರಿ ಡ್ರೈವರುಗಳು ಇದನ್ನು ಯಾವ ಪುಸ್ತಕ ಓದದೆಯೂ ಮಾಡುತ್ತಿದ್ದರು. ಅಂಗಡಿಗೆ ಹೋಗಿ ನಿಧಾನವಾಗಿ ಮನೆ ಸೇರಿದವರು ಮಾತ್ರ ಗೇಟಿನೊಳಗೆ ಐದು ನಿಮಿಷ ಡೀಸೆಲ್ ಸುಡುವ ಅಗತ್ಯವಿಲ್ಲ.

ಎಣ್ಣೆ ಯಾವಾಗ ಬದಲಿಸಬೇಕು ಎಂಬುದು ಇದಕ್ಕಿಂತ ದೊಡ್ಡ ಜಗಳ. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಿಗೆ 30,000 ಕಿಲೋಮೀಟರ್ ಅಥವಾ ಎರಡು ವರ್ಷದವರೆಗೆ ಒಂದೇ ಎಣ್ಣೆ ನಡೆಯುತ್ತದೆ ಎಂಬ ಲೆಕ್ಕ ಬಂತು. ಜರ್ಮನಿಯ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವ ಕಾರಿಗೆ ಅದು ಸರಿ ಇರಬಹುದು. ಬಿಎಂಡಬ್ಲ್ಯು, ಬೆಂಜಿನ ಕಂಪ್ಯೂಟರುಗಳೂ ಎಣ್ಣೆಯ ಆಯಸ್ಸನ್ನು ತಾವೇ ಎಣಿಸಿ ಡ್ಯಾಶ್‌ಬೋರ್ಡಿನಲ್ಲಿ ತೋರಿಸುತ್ತವೆ. ಹೊಸನಗರದ ಪೇಟೆಗೆ ಹೋಗಿ ನಾಲ್ಕು ಕಿಲೋಮೀಟರಿನಲ್ಲಿ ಮರಳುವ ಕಾರಿನ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗೆ ಹುಟ್ಟಿದ ನೀರಿನಾವಿ ಹೊರಹೋಗುವುದಿಲ್ಲ, ಉರಿಯದೆ ಜಾರಿದ ಇಂಧನ ಎಣ್ಣೆಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಇಂಥ ಬಾಳಿಗೆ 8,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಅದರಾಚೆ ಎಳೆಯುವುದು ಉಳಿತಾಯವಲ್ಲ. ಎಣ್ಣೆಯ ಜಾತಿಯೂ ಮುಖ್ಯ. ಈ ಎಂಜಿನ್ನುಗಳು ಕೇಳುವುದು ಪೂರ್ತಿ ಸಿಂಥೆಟಿಕ್ 5ಡಬ್ಲ್ಯು-30, ಅದರಲ್ಲೂ ತಯಾರಕರದೇ ಗುರುತು ಇರುವಂಥದು: ಬಿಎಂಡಬ್ಲ್ಯುಗೆ ಲಾಂಗ್‌ಲೈಫ್-04, ಬೆಂಜಿಗೆ 229.51, ಆಡಿ-ಸ್ಕೋಡಾ ಡೀಸೆಲ್ಲಿಗೆ 507.00. ಪೇಟೆಯ ಅಂಗಡಿಯಲ್ಲಿ ಕೈಗೆ ಮೊದಲು ಸಿಗುವುದು ಟ್ರ್ಯಾಕ್ಟರಿಗೂ ಟಿಪ್ಪರಿಗೂ ಹಾಕುವ 15ಡಬ್ಲ್ಯು-40. ಅದು ಕೆಟ್ಟ ಎಣ್ಣೆಯಲ್ಲ. ಡಿಸೆಂಬರಿನ ಚಳಿಯ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೊ ಮುಟ್ಟಲು ಅದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ಶಾಫ್ಟು ಆಗಲೇ ಹತ್ತಾರು ಸಾವಿರ ಸುತ್ತಿನಲ್ಲಿರುತ್ತದೆ.

ಮಳೆಗಾಲದಲ್ಲಿ ಆಯಿಲ್ ಮುಚ್ಚಳ ತೆರೆದು ನೋಡಿದವರು ಒಳಗೆ ಬಿಳಿಚಾದ ಜಿಡ್ಡು ಕಂಡು ಹೆಡ್ ಗ್ಯಾಸ್ಕೆಟ್ಟೇ ಹೋಯಿತೆಂದು ತಲೆಮೇಲೆ ಕೈ ಇಡುತ್ತಾರೆ. ಕೂಲೆಂಟ್ ಕಡಿಮೆಯಾಗದಿದ್ದರೆ, ಡಿಪ್‌ಸ್ಟಿಕ್ಕಿನ ಎಣ್ಣೆ ಸ್ವಚ್ಛವಿದ್ದರೆ ಅದು ಬರೀ ತೇವ. ಶಿವಮೊಗ್ಗದವರೆಗೆ ಒಮ್ಮೆ ಹೋಗಿಬಂದರೆ ಬಹುಪಾಲು ಹಾರಿಹೋಗುತ್ತದೆ.

ತೇವದ ಮಾತು ಬಂದಾಗ ಗಾಳಿಯ ವಿಷಯಕ್ಕೆ ದಾಟಬಹುದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್, ಎರಡರಲ್ಲೂ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಜುಲೈಯಲ್ಲಿ ಇಲ್ಲಿನ ಗಾಳಿಗೆ ಇನ್ನೊಂದು ಹನಿ ಹಿಡಿಸುವುದಿಲ್ಲ. ಇಂಥ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಿದಾಗ ಅದು ಸುಮಾರು 120 ಡಿಗ್ರಿಗೆ ಬಿಸಿಯಾಗುತ್ತದೆ. ಬಿಸಿ ಗಾಳಿ ಹಗುರ, ಸಿಲಿಂಡರಿಗೆ ಕಡಿಮೆ ಹಿಡಿಸುತ್ತದೆ; ಅದಕ್ಕೇ ಮಧ್ಯೆ ಇಂಟರ್‌ಕೂಲರ್ ಇಟ್ಟು ತಣಿಸುತ್ತಾರೆ. ಒತ್ತಡ ಎರಡು ಪಟ್ಟಾದಾಗ ಒಳಗಿನ ನೀರಾವಿಯ ಒತ್ತಡವೂ ಎರಡು ಪಟ್ಟಾಗುತ್ತದೆ. ಲೆಕ್ಕ ಹಾಕಿದರೆ, 24 ಡಿಗ್ರಿಯ ಮಳೆಗಾಲದ ಗಾಳಿಯನ್ನು ಹೀಗೆ ಒತ್ತಿ ಸುಮಾರು 35 ಡಿಗ್ರಿಗಿಂತ ಕೆಳಗೆ ತಣಿಸಿದರೆ ಅದರಿಂದ ನೀರು ಬೇರ್ಪಡಲು ಶುರುವಾಗುತ್ತದೆ. ಎದುರಿನಿಂದ ಮಳೆ ಹೊಡೆಯುವ ಇಂಟರ್‌ಕೂಲರಿಗೆ ಆ ತಂಪು ಕಷ್ಟವಲ್ಲ. ಬಯಲುಸೀಮೆಯ ಮೇ ತಿಂಗಳಲ್ಲಿ ಇದು ನಡೆಯುವುದೇ ಇಲ್ಲ. ಬರೀ ನೀರಾದರೆ ಎಂಜಿನ್ ಅದನ್ನು ಆವಿ ಮಾಡಿ ಬಿಟ್ಟುಬಿಡುತ್ತದೆ. ಟರ್ಬೊದಿಂದ ಸ್ವಲ್ಪ ಎಣ್ಣೆಯೂ ಒಸರುತ್ತಿದ್ದರೆ ಎರಡೂ ಸೇರಿ ಇಂಟರ್‌ಕೂಲರಿನ ತಳದಲ್ಲಿ ನಿಲ್ಲುತ್ತವೆ, ಪ್ಲಾಸ್ಟಿಕ್ ಮತ್ತು ರಬ್ಬರ್ ಕೀಲುಗಳನ್ನು ನೆನೆಸುತ್ತವೆ.

ಆ ಕೀಲುಗಳೇ ಹತ್ತು ವರ್ಷದ ಕಾರಿನ ದುರ್ಬಲ ಜಾಗ. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಪೈಪುಗಳಲ್ಲಿ ಒಂದೆರಡು ಪ್ಲಾಸ್ಟಿಕ್ಕಿನವು. ಬಿಎಂಡಬ್ಲ್ಯುವಿನ ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ಅವು ಬಿರಿಯುವುದು ಜಗತ್ತಿಗೇ ಗೊತ್ತಿರುವ ಸಂಗತಿ. ಟರ್ಬೊವನ್ನು ಹತೋಟಿಯಲ್ಲಿಡುವ ನಿರ್ವಾತದ ಕೊಳವೆಗಳಂತೂ ಪೆನ್ಸಿಲ್ಲಿಗಿಂತ ಸಪೂರ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲುವ ಕಾರಿನ ಬೆಚ್ಚನೆ ಬಾನೆಟ್ಟಿಗೆ ಇಲಿ ಸೇರದೆ ಇರುತ್ತದೆಯೇ? ಅದು ಕಡಿದ ಒಂದು ಕೊಳವೆಯಿಂದ ಗಾಳಿಯ ಒತ್ತಡ ಇಳಿಯುತ್ತದೆ, ಕಂಪ್ಯೂಟರ್ ಎಂಜಿನ್ನನ್ನು ಉಳಿಸಿಕೊಳ್ಳಲು ಶಕ್ತಿ ಕತ್ತರಿಸುತ್ತದೆ. ಇದನ್ನೇ ಲಿಂಪ್ ಮೋಡ್ ಅನ್ನುವುದು. ಹುಲಿಕಲ್ ಘಾಟಿಯ ಅರ್ಧದಲ್ಲಿ ಹಳದಿ ದೀಪ ಹತ್ತಿ, 184 ಕುದುರೆಯ ಕಾರು ಹಿಂದಿನ ಸರಕು ಆಟೋಗೆ ದಾರಿ ಬಿಡಬೇಕಾಗುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0299 ಎಂದು ಬರುತ್ತದೆ. ಅದರ ಅರ್ಥ ‘ನಿರೀಕ್ಷಿಸಿದಷ್ಟು ಒತ್ತಡ ಇಲ್ಲ’ ಎಂದಷ್ಟೇ, ‘ಟರ್ಬೊ ಬದಲಿಸಿ’ ಎಂದಲ್ಲ. ಇನ್ನೂರು ರೂಪಾಯಿಯ ಕೊಳವೆಗೆ ಲಕ್ಷದ ಟರ್ಬೊ ಬದಲಾಗುವುದು ಈ ಎರಡು ಅರ್ಥಗಳ ನಡುವಿನ ಸಂದಿನಲ್ಲಿ. ಪೈಪುಗಳಿಗೆ ಹೊಗೆ ಊದಿ ಎಲ್ಲಿ ಸೋರುತ್ತದೆಂದು ನೋಡುವ ಪರೀಕ್ಷೆ ಇದೆ. ಅದನ್ನು ಮಾಡದೆ ಟರ್ಬೊ ಬಿಚ್ಚುವ ಗ್ಯಾರೇಜಿನಿಂದ ಕಾರು ವಾಪಸು ತರುವುದೇ ವಾಸಿ.

ಏರ್ ಫಿಲ್ಟರ್ ಬಗ್ಗೆ ಒಂದು ಮಾತು. ಬೇಸಿಗೆಯ ಕೆಂಪು ಧೂಳು, ಮಳೆಗಾಲದ ತೇವ ಎರಡೂ ಸೇರಿ ಅದನ್ನು ಕಟ್ಟಿಬಿಡುತ್ತವೆ. ಕಟ್ಟಿದ ಫಿಲ್ಟರಿನ ಮೂಲಕ ಟರ್ಬೊ ಉಸಿರೆಳೆಯಲು ಹೆಣಗಿದಾಗ ಕಂಪ್ರೆಸರ್ ಚಕ್ರದ ಬೆನ್ನಿಗೆ ನಿರ್ವಾತ ಉಂಟಾಗಿ, ಬೇರಿಂಗಿನ ಎಣ್ಣೆ ಸೀಲು ದಾಟಿ ಗಾಳಿದಾರಿಗೆ ಬರುತ್ತದೆ. ಹೊರಗೆ ಕಾಣುವುದು ನೀಲಿ ಹೊಗೆ. ಸೀಲು ಕೆಟ್ಟಿರುವುದೇ ಇಲ್ಲ.

ಮೂರನೆಯದು ಮಸಿ, ಡೀಸೆಲ್ ಕಾರುಗಳ ಪಾಲಿನ ಪೀಡೆ. ಈ ಟರ್ಬೊಗಳಲ್ಲಿ ಹೊಗೆ ಚಕ್ರದ ಸುತ್ತ ಸಣ್ಣ ರೆಕ್ಕೆಗಳ ಸಾಲಿದೆ. ನಿಧಾನವಿದ್ದಾಗ ರೆಕ್ಕೆ ಮುಚ್ಚಿಕೊಂಡು ಹೊಗೆಯನ್ನು ಚುರುಕಾಗಿಸುತ್ತವೆ, ಜೋರಾದಾಗ ತೆರೆದುಕೊಳ್ಳುತ್ತವೆ. ಇನ್ನೊಂದೆಡೆ, ಮಾಲಿನ್ಯ ತಗ್ಗಿಸಲು ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್ ಕವಾಟ. ಈ ಹೊಗೆಯ ಮಸಿ, ಎಂಜಿನ್ನಿನೊಳಗಿನ ಎಣ್ಣೆಯಾವಿ ಎರಡೂ ಸೇರಿದಾಗ ಗಾಳಿದಾರಿಯ ಒಳಗೋಡೆಗೆ ಬೆರಳು ದಪ್ಪ ಡಾಂಬರು ಮೆತ್ತಿಕೊಳ್ಳುತ್ತದೆ. ಬಿಎಂಡಬ್ಲ್ಯುವಿನ ಹಳೆಯ ಡೀಸೆಲ್ಲುಗಳಲ್ಲಿ, 530ಡಿಯಂಥವುಗಳಲ್ಲಿ, ಆ ದಾರಿಯೊಳಗೆ ಗಾಳಿಗೆ ಸುಳಿ ಕೊಡುವ ಲೋಹದ ಪುಟ್ಟ ಮುಚ್ಚಳಗಳಿದ್ದವು. ಅವುಗಳ ಸ್ಕ್ರೂ ಕಳಚಿ ಸಿಲಿಂಡರಿಗೆ ಬಿದ್ದು ಎಂಜಿನ್ನನ್ನೇ ನುಂಗಿದ ಪ್ರಕರಣಗಳು ಎಷ್ಟೋ. ಅದನ್ನು ಮೊದಲೇ ತೆಗೆದು ಮುಚ್ಚುವ ಕಿಟ್ಟುಗಳೇ ಮಾರುಕಟ್ಟೆಗೆ ಬಂದವು.

ಮೆಲ್ಲಗೆ ಓಡಿಸಿದರೆ ಕಾರು ಬಾಳುತ್ತದೆ ಎಂಬ ನಮ್ಮ ಹಿರಿಯರ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಮಸಿ ಸುಟ್ಟುಹೋಗಲು ಬಿಸಿ ಬೇಕು, ಬಿಸಿಯಾಗಲು ದುಡಿತ ಬೇಕು. 1,500 ಸುತ್ತು ದಾಟದೆ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಹೋಗುವ ಕಾರಿನಲ್ಲಿ ರೆಕ್ಕೆಗಳು ಒಂದೇ ಕೋನದಲ್ಲಿ ನಿಂತು ಮಸಿಯಲ್ಲಿ ಹೂತುಹೋಗುತ್ತವೆ. ಬೊಲೆರೊದವನು ಹೊರೆ ಹೇರಿ, ಎರಡನೇ ಗೇರಿನಲ್ಲಿ ದಿಣ್ಣೆ ಏರಿಸುವಾಗ ತನಗರಿವಿಲ್ಲದೆಯೇ ಟರ್ಬೊ ತೊಳೆಯುತ್ತಿರುತ್ತಾನೆ. 2020ರ ಏಪ್ರಿಲಿನಿಂದ ಬಂದ ಬಿಎಸ್6 ಡೀಸೆಲ್ಲುಗಳಲ್ಲಿ ಇದು ಇನ್ನೂ ಬಿಗಿ. ಅವುಗಳ ಮಸಿ ಶೋಧಕವನ್ನು ಕಾರು ತಾನೇ ಸುಮಾರು 600 ಡಿಗ್ರಿಗೆ ಏರಿಸಿ ಸುಡುತ್ತದೆ. ಅದಕ್ಕಾಗಿ ಹೆಚ್ಚು ಡೀಸೆಲ್ ಚಿಮ್ಮಿಸುತ್ತದೆ. ಆ ಹೊತ್ತಿಗೆ ಸರಿಯಾಗಿ ಮನೆ ಬಂತೆಂದು ಆರಿಸಿದರೆ ಶೋಧಕ ಸ್ವಚ್ಛವಾಗುವುದಿಲ್ಲ, ಉಳಿದ ಡೀಸೆಲ್ ಎಣ್ಣೆಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಏರುತ್ತಿದ್ದರೆ ಸಂತೋಷಪಡಬೇಡಿ.

ಪೆಟ್ರೋಲ್ ಕಾರಾದರೆ ಈ ರಗಳೆ ಇಲ್ಲ ಎಂದುಕೊಂಡವರಿಗೆ ಬೇರೆ ರಗಳೆಗಳಿವೆ. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮುವುದರಿಂದ ವಾಲ್ವಿನ ಬೆನ್ನನ್ನು ತೊಳೆಯಲು ಪೆಟ್ರೋಲೇ ಇಲ್ಲ. ಅಲ್ಲಿ ಕಟ್ಟಿದ ಇಂಗಾಲವನ್ನು ಕೀಳಲು ಅಕ್ರೋಟಿನ ಚಿಪ್ಪಿನ ಪುಡಿಯನ್ನು ಒತ್ತಡದ ಗಾಳಿಯಲ್ಲಿ ಎರಚುತ್ತಾರೆ. (ಅಡಿಕೆ ಸಿಪ್ಪೆಗೆ ಹೀಗೊಂದು ಬಳಕೆ ಸಿಕ್ಕಿದ್ದರೆ!) ಸುಮಾರು 2008ರಿಂದ ಕೆಲವು ವರ್ಷ ಬಂದ 1.8 ಮತ್ತು 2 ಲೀಟರ್ ಟಿಎಸ್‌ಐ ಎಂಜಿನ್ನುಗಳು, ಅಂದರೆ ಸ್ಕೋಡಾ ಸುಪರ್ಬ್, ಲಾರಾ, ಆಡಿ ಎ4ರಲ್ಲಿದ್ದವು, ಆಯಿಲ್ ಕುಡಿಯುವುದಕ್ಕೆ ಹೆಸರಾದವು. ಘರ್ಷಣೆ ತಗ್ಗಿಸಲೆಂದು ಪಿಸ್ಟನ್ನಿನ ಆಯಿಲ್ ರಿಂಗನ್ನು ತೆಳುವಾಗಿಸಿದ್ದರು, ಅದರ ಪುಟ್ಟ ರಂಧ್ರಗಳು ಇಂಗಾಲದಿಂದ ಮುಚ್ಚಿಹೋದವು. ಅಲ್ಲೂ ಮೆಕ್ಯಾನಿಕ್ ಮೊದಲು ಬೆರಳು ತೋರಿಸಿದ್ದು ಟರ್ಬೊದ ಕಡೆಗೇ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನನ್ನು ಕಡಿಮೆ ಸುತ್ತಿನಲ್ಲಿ, ದೊಡ್ಡ ಗೇರಿನಲ್ಲಿ ಏರಿಗೆ ಒತ್ತಿದರೆ ಎಣ್ಣೆಯ ಹನಿಯೊಂದು ಕಿಡಿಗಿಂತ ಮೊದಲೇ ಬೆಂಕಿ ಹಚ್ಚಿ ಪಿಸ್ಟನ್ ಒಡೆಯುವುದುಂಟು. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಎಣ್ಣೆಗೆ ಇದನ್ನು ತಡೆಯುವ ಪರೀಕ್ಷೆಯೂ ಸೇರಿದೆ. ಡಬ್ಬಿಯ ಮೇಲೆ ಆ ಎರಡು ಅಕ್ಷರ ನೋಡಿ ಕೊಳ್ಳುವುದು ಖರ್ಚಿಲ್ಲದ ಕೆಲಸ.

ಇನ್ನು ಚೈನು. 2007ರಿಂದ ಬಂದ ಬಿಎಂಡಬ್ಲ್ಯುವಿನ ಎನ್47 ಡೀಸೆಲ್ ಎಂಜಿನ್, ಅಂದರೆ ಆ ಕಾಲದ 320ಡಿ, 520ಡಿಗಳ ಹೃದಯ, ತನ್ನ ಟೈಮಿಂಗ್ ಚೈನನ್ನು ಮುಂದೆ ಇಟ್ಟುಕೊಳ್ಳದೆ ಹಿಂದೆ, ಗೇರ್‌ಬಾಕ್ಸಿನ ಕಡೆ ಇಟ್ಟುಕೊಂಡಿತು. ಚೈನು ಸವೆದು ಕಿರಕಿರ ಸದ್ದು ಮಾಡತೊಡಗಿದರೆ ಬದಲಿಸಲು ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕು. ಬದಲಿಸದೆ ತುಂಡಾದರೆ ವಾಲ್ವು ಪಿಸ್ಟನ್ನುಗಳ ಡಿಕ್ಕಿ. ಬೆಂಜಿನ ಓಎಂ651 ಎಂಜಿನ್ನಿನಲ್ಲೂ ಚೈನು ಹಿಂದೆಯೇ. ಟಿಎಸ್‌ಐಗಳಲ್ಲಿ ಚೈನು ಬಿಗಿಹಿಡಿಯುವ ಟೆನ್ಷನರ್ ದುರ್ಬಲ, ಬಿಎಂಡಬ್ಲ್ಯುವಿನ ಎನ್20 ಪೆಟ್ರೋಲಿನಲ್ಲಿ ಚೈನಿನ ಪ್ಲಾಸ್ಟಿಕ್ ಹಾಸು ಪುಡಿಯಾಗುತ್ತಿತ್ತು. ಇದು ಟರ್ಬೊದ ದೋಷ ಅಲ್ಲ ನಿಜ. ಆದರೆ ಆ ಪ್ಲಾಸ್ಟಿಕ್ ಪುಡಿ ಕೊನೆಗೆ ಹೋಗಿ ಸೇರುವುದು ಆಯಿಲ್ ಪಂಪಿನ ಜರಡಿಗೆ. ಜರಡಿ ಕಟ್ಟಿತೆಂದರೆ ಎಣ್ಣೆಯ ಒತ್ತಡ ಇಳಿಯುತ್ತದೆ, ಇಳಿದದ್ದು ಮೊದಲು ತಾಗುವುದು ಲಕ್ಷ ಸುತ್ತಿನ ಶಾಫ್ಟಿಗೆ.

ಇಂಥ ಕಾರುಗಳು ಕೆಎ-15ರ ಊರಿಗೆ, ಅಂದರೆ ಸಾಗರದ ಕಡೆಗೆ, ಬರುವ ದಾರಿಗಳು ಎರಡು. ಒಂದು ಬೆಂಗಳೂರು. ಇನ್ನೊಂದು ದೆಹಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ, ಬಳಿಕ 2018ರಲ್ಲಿ ಸುಪ್ರೀಂ ಕೋರ್ಟ್, ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಓಡಾಟಕ್ಕೆ ತಡೆ ಹಾಕಿದವು. ನಂತರ ಆ ಆದೇಶದ ಸುತ್ತ ಹಲವು ತಿರುವುಗಳಾದವು. ಅಷ್ಟರಲ್ಲಿ ಅಲ್ಲಿನ ದೊಡ್ಡ ಡೀಸೆಲ್ ಸೆಡಾನುಗಳು ದಕ್ಷಿಣಕ್ಕೆ ಅಗ್ಗವಾಗಿ ಹರಿದು ಬಂದಿದ್ದವು. ಎನ್‌ಒಸಿ ತಂದು, ವಯಸ್ಸಿನ ರಿಯಾಯಿತಿ ಕಳೆದು ಕರ್ನಾಟಕದ ಆಜೀವ ತೆರಿಗೆ ಕಟ್ಟಿದರೂ ಬೆಂಗಳೂರಿನದಕ್ಕಿಂತ ಕಡಿಮೆ ಬೀಳುತ್ತದೆಂದು ಲೆಕ್ಕ ಹಾಕುವವರುಂಟು. ಮೀಟರ್ ನೋಡಿ ‘ಬರೀ 60,000 ಓಡಿದೆ’ ಎನ್ನುತ್ತಾರೆ. ಮೀಟರ್ ತಿರುಗಿಸದೆ ಇದ್ದರೂ ಆ ಸಂಖ್ಯೆ ಪೂರ್ತಿ ಹೇಳುವುದಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಕಡೆ ಗಂಟೆಗೆ 15 ಕಿಲೋಮೀಟರಿನ ಸರಾಸರಿಯಲ್ಲಿ 60,000 ಓಡಲು ಎಂಜಿನ್ 4,000 ಗಂಟೆ ತಿರುಗಿರಬೇಕು. ಶಿವಮೊಗ್ಗ ಹೆದ್ದಾರಿಯಲ್ಲಿ 60ರ ಸರಾಸರಿಯಲ್ಲಾದರೆ ಸಾವಿರ ಗಂಟೆ. ಹೆದ್ದಾರಿಯಲ್ಲೇ ಒಂದು ಲಕ್ಷ ಓಡಿದ ಹುಬ್ಬಳ್ಳಿಯ ಕಾರು 60,000 ಓಡಿದ ಬೆಂಗಳೂರಿನ ಕಾರಿಗಿಂತ ಎಳೆಯದಾಗಿರಬಹುದು. ನಾನಾದರೆ ಮೀಟರಿಗಿಂತ ಸರ್ವಿಸ್ ಬಿಲ್ಲುಗಳ ತಾರೀಖು ನೋಡುತ್ತೇನೆ: ಎಣ್ಣೆ ಎಷ್ಟು ಸಲ ಬದಲಾಗಿದೆ, ಎರಡು ಬದಲಾವಣೆಗಳ ನಡುವೆ ಎಷ್ಟು ತಿಂಗಳು.

ಕಾರನ್ನು ಮಾರುವವನ ಮನೆಯಲ್ಲೇ, ಬೆಳಗ್ಗೆ, ಅವನು ಮುಟ್ಟುವ ಮೊದಲು, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕೇಳಬೇಕು. ಮೊದಲ ಐದು ಸೆಕೆಂಡು ಚೈನು ಮಾತಾಡುತ್ತದೆ. ಬಿಸಿ ಮಾಡಿಟ್ಟ ಎಂಜಿನ್ ಎಲ್ಲರಿಗೂ ನಗುತ್ತದೆ. ಟರ್ಬೊದ ಗಾಳಿ ಪೈಪು ಬಿಚ್ಚಿ ಶಾಫ್ಟಿನ ತುದಿಯನ್ನು ಬೆರಳಲ್ಲಿ ಅಲ್ಲಾಡಿಸಿದರೆ ಪಕ್ಕಕ್ಕೆ ತುಸು ಸಡಿಲ ಇರುವುದು ಸಹಜ, ಏಕೆಂದರೆ ಎಣ್ಣೆ ಇಲ್ಲದಾಗ ತೇಲುವ ಬೇರಿಂಗ್ ಹಾಗೆಯೇ ಇರುತ್ತದೆ. ಹಿಂದಕ್ಕೂ ಮುಂದಕ್ಕೂ ಎಳೆದಾಗ ಅಲ್ಲಾಡಿದರೆ, ಅಥವಾ ಚಕ್ರದ ಅಂಚು ಗೂಡಿಗೆ ತಾಗಿ ಗೀರಿದ್ದರೆ, ಮಾತುಕತೆ ಅಲ್ಲಿಗೆ ನಿಲ್ಲಿಸಬಹುದು. ಸೀಲು ಪೂರ್ತಿ ಹೋದ ಡೀಸೆಲ್ಲಿನ ಅಪಾಯ ಬೇರೆಯದೇ. ಟರ್ಬೊದಿಂದ ಬಂದ ತನ್ನದೇ ಎಣ್ಣೆಯನ್ನು ಇಂಧನವಾಗಿ ಉರಿಸುತ್ತ ಎಂಜಿನ್ ತಾನೇ ತಾನಾಗಿ ಏರುತ್ತ ಹೋಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಕೈಗೇರಿನ ಗಾಡಿಯಾದರೆ ಬ್ರೇಕ್ ಒತ್ತಿ ದೊಡ್ಡ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಕೊಲ್ಲಬಹುದು. ಈ ಸೆಡಾನುಗಳೆಲ್ಲ ಹೆಚ್ಚಾಗಿ ಆಟೋಮ್ಯಾಟಿಕ್. ಗಾಳಿದಾರಿ ಮುಚ್ಚದೆ ಬೇರೆ ಉಪಾಯವಿಲ್ಲ.

ಹೋದ ಟರ್ಬೊವನ್ನು ಹೊಸದರಿಂದ ಬದಲಿಸಬಹುದು, ಅಥವಾ ಮಧ್ಯದ ಭಾಗವನ್ನು, ಗ್ಯಾರೇಜಿನವರು ಕೋರ್ ಅನ್ನುವುದನ್ನು, ಮಾತ್ರ ಹಾಕಿಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡೂ ಸಿಗುತ್ತವೆ. ಕೋರ್ ಜೋಡಿಸುವುದು ಕಷ್ಟದ ಕೆಲಸವಲ್ಲ, ಅದನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ ಮಿಲಿಗ್ರಾಂ ಲೆಕ್ಕದಲ್ಲಿ ತೂಕ ಸರಿದೂಗಿಸುವುದು ಕಷ್ಟದ ಕೆಲಸ. ಆ ಯಂತ್ರದ ಕಾಗದ ಕೊಡದವರಿಂದ ಕೊಳ್ಳಬಾರದು. ಆದರೂ ಹೊಸ ಟರ್ಬೊ ತಿಂಗಳೊಪ್ಪತ್ತಿನಲ್ಲಿ ಮತ್ತೆ ಶಿಳ್ಳೆ ಹೊಡೆಯತೊಡಗುವುದನ್ನು ಕಾಣುತ್ತೇವೆ. ‘ಡೂಪ್ಲಿಕೇಟ್ ಮಾಲು’ ಎಂದು ಬೈಗುಳ ಅಂಗಡಿಯವನಿಗೆ ಬೀಳುತ್ತದೆ. ಮಾಲು ಅಸಲಿಯೇ ಇರಬಹುದು. ಹಳೆಯದನ್ನು ಕೊಂದ ಕರಕಲು ಕಟ್ಟಿದ ಎಣ್ಣೆ ಪೈಪು ಇನ್ನೂ ಅಲ್ಲೇ ಇದೆ, ಒಡೆದ ಚಕ್ರದ ಅಲ್ಯುಮಿನಿಯಂ ಚೂರುಗಳು ಇಂಟರ್‌ಕೂಲರಿನಲ್ಲಿ ಕೂತಿವೆ, ಜರಡಿ ಕಟ್ಟೇ ಇದೆ. ಸರಿಯಾಗಿ ಮಾಡುವವರು ಎಣ್ಣೆ ಒಯ್ಯುವ ಪೈಪನ್ನು ತೊಳೆಯುವ ಗೋಜಿಗೆ ಹೋಗದೆ ಹೊಸದೇ ಹಾಕುತ್ತಾರೆ, ಎಣ್ಣೆ ಮರಳುವ ಪೈಪು ನೋಡುತ್ತಾರೆ, ಇಂಟರ್‌ಕೂಲರ್ ಇಳಿಸಿ ತೊಳೆಯುತ್ತಾರೆ, ಸಂಪ್ ಬಿಚ್ಚಿ ಜರಡಿ ಪರೀಕ್ಷಿಸುತ್ತಾರೆ, ಹೊಸ ಎಣ್ಣೆ ಹೊಸ ಫಿಲ್ಟರ್ ಹಾಕಿ, ಟರ್ಬೊದ ಬಾಯಿಗೆ ಕೈಯಾರೆ ಎಣ್ಣೆ ತುಂಬಿ, ಇಂಧನ ಬಿಡದೆ ಎಂಜಿನ್ನನ್ನು ಕೆಲವು ಸುತ್ತು ಬರೀ ತಿರುಗಿಸಿ, ಒತ್ತಡ ಬಂದ ಮೇಲೆ ಸ್ಟಾರ್ಟ್ ಮಾಡುತ್ತಾರೆ. ಬಿಲ್ಲಿನಲ್ಲಿ ಇವಕ್ಕೆಲ್ಲ ಪ್ರತ್ಯೇಕ ಸಾಲುಗಳಿರಬೇಕು. ಟರ್ಬೊ ಎಂಬ ಒಂದೇ ಸಾಲು ಇದ್ದರೆ ಕಾರು ಬಿಡಿಸಿಕೊಳ್ಳುವ ಮೊದಲು ಆ ಪೈಪು ಹಳತೋ ಹೊಸತೋ ಎಂದು ಕೇಳಿ ನೋಡಿ.